ಸನ್ನಿಧಿ ಎಲ್ಲಿ?

ಕಾರ್ತೀಕದಲ್ಲಿ ಕೂಡಲಸಂಗಮಕ್ಕೆ ಹೋಗಿ ಬಂದ ಚನ್ನಗಿರಿ ಸೀಮೆಯ ನಲ್ಲೂರಿನ ಗೃಹಸ್ಥರೊಬ್ಬರು ನಮ್ಮೆದುರಿಗೆ ಒಂದು ಸಂದೇಹವನ್ನು ಇಟ್ಟರು. “ಐಕ್ಯಮಂಟಪಕ್ಕೆ ಇಳಿದಾಗ ಕಣ್ಣು ತಾನಾಗಿ ತುಂಬಿತು. ಮನೆಯಲ್ಲಿ ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಕುಳಿತರೆ ಮನಸ್ಸು ಅಡಿಕೆಯ ಧಾರಣೆಯ ಕಡೆಗೆ ಓಡುತ್ತದೆ. ಹಾಗಾದರೆ ದೇವನು ಅಲ್ಲಿ ಹತ್ತಿರ, ಇಲ್ಲಿ ದೂರವೇ?”

ಅಂಗದ ಮೇಲೆ ಲಿಂಗವುಳ್ಳವನಿಗೆ ಕ್ಷೇತ್ರದ ಹಂಗೇಕೆ ಎಂದು ಉತ್ತರವಿತ್ತು ಎದ್ದುಬಿಡುವುದು ಸುಲಭ. ಆದರೆ ಸ್ಥಾವರವನ್ನು ನೆಚ್ಚದ ಬಸವಣ್ಣನವರೇ ಕಡೆಗೆ ಸಂಗಮಕ್ಕೆ ಮರಳಿದರು. ಅಕ್ಕಮಹಾದೇವಿಯವರು ಶ್ರೀಶೈಲದ ಕದಳಿಗೆ ನಡೆದರು. ಚನ್ನಬಸವಣ್ಣನವರು ಉಳವಿಯ ಕಾಡನ್ನು ಸೇರಿದರು; ಅವರನ್ನು ಅಲ್ಲಿಗೆ ಅಟ್ಟಿದ್ದು ಕಲ್ಯಾಣದ ಕ್ಷೋಭೆ, ಅದು ಬೇರೆ ಮಾತು. ಎಡೆಯೆಂಬುದಕ್ಕೆ ಏನೂ ಅರ್ಥವಿಲ್ಲವೆಂದು ನಾವು ಹೇಳಲಾರೆವು.

ಆದರೂ ಒಂದನ್ನು ಗಮನಿಸಬೇಕು. ಆ ಗೃಹಸ್ಥರು ಕಂಡ ಸಂಗಮವು ಹನ್ನೆರಡನೆಯ ಶತಮಾನದ ಸಂಗಮವಲ್ಲ. ಕೃಷ್ಣೆ ಮಲಪ್ರಭೆಯರು ಕೂಡುವಲ್ಲಿ ಈಗ ನಾರಾಯಣಪುರ ಜಲಾಶಯದ ಹಿನ್ನೀರು ನಿಂತಿದೆ. ಐಕ್ಯಮಂಟಪದ ಸುತ್ತ ಗೋಡೆಯೆಬ್ಬಿಸಿ ಬಾವಿಯಂತೆ ಮಾಡಿ ಕಾಪಾಡಿದ್ದಾರೆ. ಅಂದಿನ ದಡವೇ ಇಲ್ಲ. ಕಣ್ಣೀರು ಮಾತ್ರ ಬಂದಿತು. ಬದಲಾದದ್ದು ದೇವನ ದೂರವೋ, ಬಂದವರ ಸ್ಥಿತಿಯೋ? ಎರಡು ದಿನ ಅವರು ಯಾರಿಗೂ ಯಜಮಾನರಾಗಿರಲಿಲ್ಲ. ಲೆಕ್ಕದ ಪುಸ್ತಕ ಮನೆಯಲ್ಲಿತ್ತು. ನೂರು ಜನರ ನಡುವೆ ಒಬ್ಬರಾಗಿ ಮೆಟ್ಟಿಲಿಳಿದರು. ಮುಚ್ಚಳ ಸರಿಯಿತು, ಒಳಗಿದ್ದುದು ಕಂಡಿತು. ಇದಕ್ಕಾಗಿ ಸಂಗಮದವರೆಗೆ ಹೋಗಬೇಕೆಂದೂ ಇಲ್ಲ. ಶಾಂತವ್ವೆ ಕಟ್ಟಿಸಿದಳೆಂದು ಜನ ಹೇಳುವ ಸೂಳೆಕೆರೆ ಅವರ ತಾಲ್ಲೂಕಿನಲ್ಲಿಯೇ ಇದೆ. ಸಂಜೆ ಅದರ ಏರಿಯ ಮೇಲೆ ನಿಂತವರು ಮಾತನ್ನು ತಾವಾಗಿಯೇ ತಗ್ಗಿಸುತ್ತಾರೆ.

ಅವರು ಇನ್ನೊಂದು ಘಳಿಗೆಯನ್ನೂ ನೆನೆದರು. ತಾಯಿಯನ್ನು ಸಮಾಧಿಯಲ್ಲಿ ಕುಳ್ಳಿರಿಸಿ ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನು ಇಟ್ಟಾಗಲೂ ದೇವನು ಹಾಗೆಯೇ ಬಳಿಯಲ್ಲಿದ್ದನಂತೆ. ನಾವು ಕೇಳಿದೆವು: ಆ ತಾಯಿ ಬಾಳೆಲ್ಲ ಬೆಳಗಿನ ಹೊತ್ತು ಅದೇ ಅಂಗೈಯಲ್ಲಿ ಅದೇ ಲಿಂಗವನ್ನು ಹಿಡಿದಿದ್ದರಲ್ಲವೇ? ಅಹುದೆಂದರು. ಒಂದೇ ಮನೆಯಲ್ಲಿದ್ದೂ ಆ ಅಂಗೈಯನ್ನು ಅವರು ನೋಡಿದ್ದು ಅಂದು ಮಾತ್ರ.

ಕಣ್ಣೀರನ್ನು ಹಗುರವಾಗಿ ಕಾಣುವ ಇಚ್ಛೆ ನಮಗಿಲ್ಲ. ಆದರೆ ಅದನ್ನೇ ಸನ್ನಿಧಿಯ ಅಳತೆಗೋಲು ಮಾಡಿಕೊಂಡರೆ ಕೇಡುಂಟು. ಸಂಗಮದಲ್ಲಿ ಅತ್ತು ಬಂದವನು ಮರುದಿನ ತನ್ನ ಅಂಗಳದಲ್ಲಿ ಅಡಿಕೆ ಸುಲಿಯುವ ಹೆಂಗಸಿನ ಅಳತೆಯಲ್ಲಿ ಒಂದಿಷ್ಟು ಕಡಿಮೆ ಬರೆದರೆ, ಅವನಿಗೆ ಅಲ್ಲಿ ಹತ್ತಿರವಾದವನು ಯಾರು? ಅವಳದೂ ಕಾಯಕ. ಅವಳ ಬೆರಳಿಗೆ ಹತ್ತಿದ ಕರೆಯೂ ಕಾಯಕದ್ದೇ. ಶರಣರು ದೇವನನ್ನು ಗುಡಿಯಿಂದ ಅಂಗೈಗೆ ತಂದದ್ದು ಅಂಗೈಯಲ್ಲಿಯೇ ಮುಚ್ಚಿಟ್ಟುಕೊಳ್ಳಲೆಂದು ಅಲ್ಲ. ಜಂಗಮಕ್ಕೆ ನೀಡುವ ಕೈಯೂ ಅದೇ.

ಗೃಹಸ್ಥರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅದೆಲ್ಲ ಸರಿ, ಪೂಜೆಯಲ್ಲಿ ಮನಸ್ಸು ಧಾರಣೆಯ ಕಡೆಗೆ ಓಡಿದರೆ ಏನು ಮಾಡಲಿ?” ಎಂದರು. ಓಡಿದರೆ ಓಡಲಿ, ನೀವು ಏಳಬೇಡಿ. ಅಡಿಕೆಯ ಕಡೆಗೆ ಹೇಗೂ ಹೋದ ಮನಸ್ಸು ಸುಲಿಯುವವರ ಕಡೆಗೂ ಒಮ್ಮೆ ಹೋಗಿ ಬರಲಿ ಎಂದೆವು. ಅವರು ನಕ್ಕರು. ಅವರ ತೋಟದಲ್ಲಿ ಕೊಯ್ಲು ಇನ್ನೂ ಮುಗಿದಿರಲಿಲ್ಲ.