ದೇವರ ದನಿ ಎಲ್ಲಿ ಕೇಳಿಸುತ್ತದೆ?



ಕನ್ನಡದಲ್ಲಿ ‘ಕೇಳು’ ಅನ್ನುವ ಮಾತಿಗೆ ಎರಡು ಅರ್ಥ. ಬೇಡಿಕೊಳ್ಳುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಬೆಟ್ಟ ಹತ್ತಿ ಬರುವವರಲ್ಲಿ ಮೊದಲನೇ ಅರ್ಥದಲ್ಲಿ ಕೇಳುವವರೇ ಜಾಸ್ತಿ. ಮಗನಿಗೆ ನೌಕರಿ, ಮಗಳಿಗೆ ವರ, ಬೋರ್‌ವೆಲ್ಲಿಗೆ ನೀರು, ಕೋರ್ಟಿನ ಕೇಸಿಗೆ ಒಂದು ಮುಕ್ತಾಯ. ಇದರಲ್ಲಿ ತಪ್ಪೇನೂ ಇಲ್ಲ. ಬೇಡಿಕೊಳ್ಳುವುದನ್ನು ಪ್ರಭು ಯೇಸುವೇ ಕಲಿಸಿಕೊಟ್ಟಿದ್ದಾರೆ. ಆದರೆ ಮೇಣದಬತ್ತಿ ಹಚ್ಚಿ, ಹರಕೆ ಒಪ್ಪಿಸಿ, ಆಮೇಲೆ ಐದು ನಿಮಿಷ ಬಾಯಿ ಮುಚ್ಚಿ ಕೂಡುವವರು ಕಡಿಮೆ. ಕೂತರೂ ಕೈಯಲ್ಲಿ ಮೊಬೈಲು.

ಬೀದರ್ ಜಿಲ್ಲೆಯ ಚಿಟಗುಪ್ಪದ ಕಡೆಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಮೊದಲು ಹುಮನಾಬಾದ್ ತಾಲ್ಲೂಕಿಗೆ ಸೇರಿದ್ದ ಈ ಊರು 2018ರಿಂದ ತಾನೇ ತಾಲ್ಲೂಕು ಕೇಂದ್ರ. ಆ ಸೀಮೆಯಲ್ಲಿ ಕ್ರೈಸ್ತರು ಅಂದರೆ ಹೆಚ್ಚಿನವರು ಮೆಥೋಡಿಸ್ಟ್ ಸಭೆಯವರು, ಕಥೋಲಿಕರ ಮನೆಗಳು ಕಡಿಮೆ. ಗುಲ್ಬರ್ಗ ಧರ್ಮಕ್ಷೇತ್ರ ಸ್ಥಾಪನೆಯಾಗಿದ್ದೇ 2005ರಲ್ಲಿ. ಮಂಗಳೂರಿನ ಕಡೆಯಂತೆ ಹೆಜ್ಜೆಗೊಂದು ಚರ್ಚಿನ ಗಂಟೆ ಕೇಳಿಸುವ ಸೀಮೆ ಅದಲ್ಲ. ಬೆಳಗಿನ ಜಾವ ಮಸೀದಿಯ ಆಜಾನ್, ಆಮೇಲೆ ಗುಡಿಯ ಗಂಟೆ, ಅದರ ಹಿಂದೆಯೇ ಬಸ್ಸಿನ ಹಾರನ್. ಇಷ್ಟರ ನಡುವೆ ಒಬ್ಬ ಕಥೋಲಿಕ ತನ್ನ ದೇವರ ದನಿಯನ್ನು ಎಲ್ಲಿ ಅಂತ ಹುಡುಕಬೇಕು? ಅದಕ್ಕೇ ಆ ಮನೆಯವನು ವರ್ಷಕ್ಕೊಮ್ಮೆ ಬಸ್ಸು ಹತ್ತಿ ಬೆಟ್ಟಕ್ಕೆ ಬರುತ್ತಾನೆ.

ಅವನಿಗೆ ಒಂದು ತೊಡಕು ಇದೆ. ಅಪ್ಪ ಬಿಟ್ಟುಹೋದದ್ದು ನಾಲ್ಕು ಎಕರೆ ತೊಗರಿ ಹೊಲ. ಅಪ್ಪ ಮರಣಪತ್ರ ಬರೆದಿಲ್ಲ, ಅವ್ವನೂ ಈಗ ಇಲ್ಲ. ತಂಗಿಯನ್ನು ಜಹೀರಾಬಾದಿಗೆ ಕೊಟ್ಟಿದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಕ್ರೈಸ್ತ ಮನೆಯಲ್ಲಿ ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ. ಇದು ಅವನಿಗೆ ಗೊತ್ತು. ಆದರೆ ಮದುವೆಗೆ ಸಾಲ ಮಾಡಿದವನು ಅವನು, ಅವ್ವನ ಕೊನೆಗಾಲದಲ್ಲಿ ದವಾಖಾನೆಗೆ ಓಡಾಡಿದವನೂ ಅವನು. ಊರಲ್ಲಿ ಯಾರೂ ಹೆಣ್ಣುಮಕ್ಕಳಿಗೆ ಹೊಲ ಕೊಟ್ಟಿಲ್ಲ ಅನ್ನುವ ಮಾತು ಬೇರೆ. “ಸ್ವಾಮಿ, ಏನು ಮಾಡ್ಲಿ, ನೀನೇ ಹೇಳು” ಅಂತ ಬೆಟ್ಟದ ಮೇಲೆ ಮೊಣಕಾಲೂರಿದ್ದಾನೆ. ದೇವರು ಏನೂ ಹೇಳಲಿಲ್ಲ. ದಾರಿಯಲ್ಲಿ ಬರುವಾಗ ತಂಗಿಯ ಫೋನು ಮೂರು ಸಲ ಬಂದಿತ್ತು, ಅವನು ಎತ್ತಿರಲಿಲ್ಲ.

ಹಾಗಾದರೆ ತಂಗಿಯ ದನಿಯೇ ದೇವರ ದನಿ ಅಂತ ಹೇಳಿಬಿಡಬಹುದೇ? ಅಷ್ಟು ಸಲೀಸಾಗಿ ಹೇಳಲಿಕ್ಕೆ ಬರುವುದಿಲ್ಲ. ತಂಗಿಗೂ ಆಸೆ ಇರಬಹುದು, ಹಿಂದೆ ಅಳಿಯನ ಒತ್ತಾಯ ಇರಬಹುದು. ಮನುಷ್ಯರು ಆಡಿದ್ದೆಲ್ಲ ದೇವವಾಕ್ಯವಾಗುವುದಿಲ್ಲ. ನಮ್ಮ ಮನಸ್ಸಿನಲ್ಲಿ ಎದ್ದದ್ದೆಲ್ಲವೂ ಆಗುವುದಿಲ್ಲ.

ಇಲ್ಲಿ ಜನ ಒಂದು ಅಡ್ಡದಾರಿ ಹಿಡಿಯುತ್ತಾರೆ. ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ‘ಸತ್ಯ, ಸತ್ಯ’ ಅನ್ನುವವರು ನಮ್ಮಲ್ಲೂ ಇದ್ದಾರೆ. ಇನ್ನು ಕೆಲವರು ಕಣ್ಣು ಮುಚ್ಚಿ ಶ್ರೀಗ್ರಂಥ ತೆರೆದು, ಬೆರಳಿಟ್ಟ ಕಡೆ ಬಂದ ವಚನವೇ ದೇವರ ಉತ್ತರ ಅನ್ನುತ್ತಾರೆ. ಹಲ್ಲಿಯ ಜಾಗದಲ್ಲಿ ಗ್ರಂಥ ಬಂತು, ಅಷ್ಟೇ ವ್ಯತ್ಯಾಸ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಶಕುನ ನೋಡುವುದನ್ನೂ ಕಣಿ ಕೇಳುವುದನ್ನೂ ಬೇಡವೆನ್ನುತ್ತದೆ. ಶಕುನಕ್ಕೆ ಒಂದು ಅನುಕೂಲ ಇದೆ ನೋಡಿ: ಬೇಡವಾದದ್ದು ಬಂದರೆ ಇನ್ನೊಂದು ಪುಟ ತೆರೆಯಬಹುದು.

ಬೆಟ್ಟ ಹತ್ತಿ ಹೋದವರಲ್ಲಿ ಪ್ರವಾದಿ ಎಲೀಯನೂ ಒಬ್ಬ. ರಾಣಿ ಈಜೆಬೆಲಳಿಗೆ ಹೆದರಿ ಓಡಿ, ಸಾಕು ಈ ಜೀವ ಅಂತ ಅಡವಿಯಲ್ಲಿ ಬಿದ್ದುಕೊಂಡಿದ್ದವನಿಗೆ ದೇವದೂತ ರೊಟ್ಟಿ, ನೀರು ಕೊಟ್ಟು ಎಬ್ಬಿಸುತ್ತಾನೆ. ನಲವತ್ತು ಹಗಲು, ನಲವತ್ತು ರಾತ್ರಿ ನಡೆದು ಹೋರೇಬ್ ಬೆಟ್ಟ ಸೇರುತ್ತಾನೆ. ಬಿರುಗಾಳಿ ಬಂತು, ಭೂಕಂಪ ಬಂತು, ಬೆಂಕಿ ಬಂತು, ಯಾವುದರಲ್ಲೂ ದೇವರಿಲ್ಲ. ಆಮೇಲೆ ಒಂದು ಮೆಲುದನಿ. ಪ್ರಸಂಗಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ, ಆದರೆ ಮುಂದಿನದ್ದೇ ಮುಖ್ಯ. ಆ ದನಿ ಉತ್ತರ ಕೊಡುವುದಿಲ್ಲ, ‘ಇಲ್ಲಿ ನಿನಗೇನು ಕೆಲಸ?’ ಅನ್ನುವ ಅರ್ಥದಲ್ಲಿ ಪ್ರಶ್ನೆ ಹಾಕುತ್ತದೆ. ಎಲೀಯ ಮೊದಲು ಹೇಳಿದ್ದ ದೂರನ್ನೇ ಚಾಚೂ ತಪ್ಪದೆ ಮತ್ತೆ ಒಪ್ಪಿಸುತ್ತಾನೆ: ನಾನೊಬ್ಬನೇ ಉಳಿದಿದ್ದೇನೆ ಅಂತ. ದೇವರ ದನಿ ಕೇಳಿದ ಮೇಲೂ ಮನುಷ್ಯ ತನ್ನ ರಾಗ ಬಿಡುವುದಿಲ್ಲ! ದೇವರು ಅವನನ್ನು ಬೆಟ್ಟದ ಮೇಲೆ ಇಟ್ಟುಕೊಳ್ಳಲಿಲ್ಲ. ಬಂದ ದಾರಿಯಲ್ಲೇ ಇಳಿದು ಹೋಗು, ಮಾಡುವ ಕೆಲಸ ಇದೆ ಅಂತ ಕಳಿಸಿದರು. ಒಬ್ಬನೇ ಅಂದುಕೊಂಡವನಿಗೆ ಇನ್ನೂ ಏಳು ಸಾವಿರ ಜನ ಇದ್ದಾರೆ ಅಂತಲೂ ತಿಳಿಸಿದರು. ಕಥೋಲಿಕರು ಕಡಿಮೆ ಇರುವ ಊರಿನವರು ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬಹುದು.

ನಮ್ಮ ಕಾಲಕ್ಕೆ ಹತ್ತಿರದ ಉದಾಹರಣೆ ಕೊಲ್ಕತ್ತಾದ ಸಂತ ತೆರೇಸಾ. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ ಆಕೆಗೆ ಬಡವರ ಸೇವೆಯ ಕರೆ ಬಂತು. ಅವರೂ ಹೊರಟದ್ದು ಬೆಟ್ಟದ ಮೇಲಿನ ಧ್ಯಾನಕೂಟಕ್ಕೆ. ಕರೆ ಬಂದದ್ದು ದಾರಿಯಲ್ಲಿ. ದೇವರೇ ಹೇಳಿದರು ಅಂತ ಮರುದಿನವೇ ಮಠ ಬಿಟ್ಟು ಹೊರಡಲಿಲ್ಲ. ಮಹಾಧರ್ಮಾಧ್ಯಕ್ಷ ಪೆರಿಯೇ ಅವರು ಕಾಯಿರಿ ಅಂದರು, ಕಾದರು. ಲೊರೆಟೋ ಮಠದಿಂದ ಹೊರಬಂದದ್ದು 1948ರ ಆಗಸ್ಟಿನಲ್ಲಿ, ಹೆಚ್ಚುಕಡಿಮೆ ಎರಡು ವರ್ಷದ ಮೇಲೆ. ದನಿ ನಿಜವಾದದ್ದಾದರೆ ಪರೀಕ್ಷೆಗೆ ಹೆದರುವುದಿಲ್ಲ. ಇನ್ನೊಂದು ಸಂಗತಿ 2007ರಲ್ಲಿ ಅವರ ಪತ್ರಗಳು ಪುಸ್ತಕವಾಗಿ ಬಂದಾಗ ಎಲ್ಲರಿಗೂ ತಿಳಿಯಿತು. ಆಮೇಲಿನ ದಶಕಗಳಲ್ಲಿ ಆಕೆಗೆ ಪ್ರಾರ್ಥನೆಯಲ್ಲಿ ಬಹುಪಾಲು ಸಿಕ್ಕಿದ್ದು ಕತ್ತಲೆ, ಮೌನ. ಆದರೂ ದಿನಾ ಬೆಳಗ್ಗೆ ಎದ್ದು ರೋಗಿಗಳ ಹತ್ತಿರ ಹೋದರು. 2016ರಲ್ಲಿ ಧರ್ಮಸಭೆ ಸಂತಪದವಿ ಕೊಟ್ಟದ್ದು ಇಂಥ ತಾಯಿಗೆ. ಏನೂ ಕೇಳಿಸುತ್ತಿಲ್ಲ ಅಂತ ಕೊರಗುವವರು, ತಮ್ಮ ಭಕ್ತಿ ಕಮ್ಮಿ ಅಂತ ನಾಚುವವರು ಇದನ್ನು ತಿಳಿದಿರಬೇಕು.

ಮತ್ತೆ ಹೊಲದ ವಿಷಯ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮನಸ್ಸಾಕ್ಷಿಯನ್ನು ಗರ್ಭಗುಡಿಗೆ ಹೋಲಿಸಿತು. ಅಲ್ಲಿ ಮನುಷ್ಯ ಮತ್ತು ದೇವರು ಇಬ್ಬರೇ. ಆದರೆ ತಪ್ಪು ಅಭ್ಯಾಸವಾಗಿಬಿಟ್ಟರೆ ಮನಸ್ಸಾಕ್ಷಿ ಕುರುಡಾಗುತ್ತದೆ ಅಂತಲೂ ಅದೇ ಜಾಗದಲ್ಲಿ ಹೇಳಿದೆ. ‘ಮನಸ್ಸಿಗೆ ಸಮಾಧಾನ ಇದೆ, ಹಾಗಾಗಿ ದೇವರ ಒಪ್ಪಿಗೆ ಇದೆ’ ಅನ್ನುವವರು ಇಲ್ಲಿ ಎಡವುತ್ತಾರೆ. ತಂಗಿಯ ಪಾಲು ನುಂಗಿದವನಿಗೂ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ. ಆ ಸಮಾಧಾನದ ಖರ್ಚನ್ನು ಯಾರು ಕೊಡುತ್ತಿದ್ದಾರೆ ಅಂತ ನೋಡಬೇಕು. ದೇವರು ಯಾವಾಗ ಮಾತಾಡಿದರೂ ನಮಗೆ ಲಾಭವಾಗುವುದನ್ನೇ ಹೇಳುತ್ತಿದ್ದರೆ, ಮಾತಾಡುತ್ತಿರುವುದು ದೇವರೋ ನಾವೋ ಅಂತ ಅನುಮಾನ ಬರಬೇಕು.

ಸಂತ ಇಗ್ನೇಷಿಯಸ್ ಲೊಯೋಲಾ (1491–1556) ಇದಕ್ಕೆ ಒಂದು ಸಾದಾ ಪದ್ಧತಿ ಕಲಿಸಿದ್ದಾರೆ. ರಾತ್ರಿ ಮಲಗುವ ಮೊದಲು ದೇವರಿಗೆ ಕೃತಜ್ಞತೆ ಹೇಳಿ, ಬೆಳಗಿನಿಂದ ನಡೆದದ್ದನ್ನು ಒಂದೊಂದಾಗಿ ತಿರುಗಿ ನೋಡುವುದು. ಯಾರು ಕರೆದರು, ಯಾರಿಗೆ ಓಗೊಟ್ಟೆ, ಯಾರಿಂದ ಮುಖ ತಿರುಗಿಸಿದೆ. ಅಂಗಡಿಯವನು ಸಂಜೆ ಗಲ್ಲಾ ಎಣಿಸಿದ ಹಾಗೆ. ಹತ್ತು ಹದಿನೈದು ನಿಮಿಷ ಸಾಕು. ಬೆಟ್ಟಕ್ಕೇ ಬರಬೇಕೆಂದಿಲ್ಲ, ಬಸ್ಸಿನ ಸೀಟಿನಲ್ಲೂ ಆಗುತ್ತದೆ.

ಆ ಚಿಟಗುಪ್ಪದವನು ಬೆಟ್ಟ ಇಳಿದು ಊರಿನ ಕಡೆ ಹೊರಟ. ಬಸ್ಸಿನಲ್ಲಿ ಕೂತು ದಿನವನ್ನು ತಿರುಗಿ ನೋಡಿದಾಗ ಬೆಟ್ಟದ ಮೇಲೆ ಕೇಳಿಸಿದ್ದು ಒಂದೂ ನೆನಪಾಗಲಿಲ್ಲ. ನೆನಪಾದದ್ದು ಎತ್ತದೇ ಬಿಟ್ಟ ಮೂರು ಫೋನು. ಹುಮನಾಬಾದ್ ಹತ್ತಿರ ಬರುವಾಗ ನಾಲ್ಕನೇ ಸಲ ಬಂತು. ಎತ್ತಿದ.

“ಅಣ್ಣಾ, ಮುಂಜಾನಿಂದ ಫೋನ್ ಯಾಕ ಎತ್ತವಲ್ಲಿ? ಆರಾಮ ಇದ್ದಿಲ್ಲ?”

“ಬೆಟ್ಟಕ್ಕ ಹೋಗಿದ್ದೆ ತಂಗಿ. ಬಸ್ಸಿನಾಗ ಇದ್ದೀನಿ.”

“ಊಟ ಆಯ್ತೇನು? ತೊಗರಿ ರಾಶಿ ಮುಗೀತಾ?”

ಅವಳು ಹೊಲದ ಪಾಲಿನ ಮಾತು ಎತ್ತಲೇ ಇಲ್ಲ. ಅವನೇ ಎತ್ತಬೇಕಾಯಿತು.