ಅಂಚೆಯವರ ಗಂಟೆ ಯಾರದ್ದು?

'ಫ್ಲೆಕ್ಸಿಬಲ್ ಟೈಮಿಂಗ್' ಅಂದ ತಕ್ಷಣ ನಮ್ಮಂಥ ಐಟಿಯವರ ಕಿವಿ ನೆಟ್ಟಗಾಗುತ್ತೆ. ಇಂಟರ್‌ವ್ಯೂನಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳೋ ಸವಲತ್ತು ಅದು. ಅದೇ ಮಾತನ್ನ ಅಂಚೆ ನೌಕರರ ಮುಂದೆ ಆಡಿ ನೋಡಿ, ಅವರು ಮುಷ್ಕರ ಮಾಡೋದಾ ಬೇಡವಾ ಅಂತ ಸಭೆ ಸೇರ್ತಾರೆ. ಒಂದೇ ಪದ ಒಬ್ಬರಿಗೆ ಸವಲತ್ತು, ಇನ್ನೊಬ್ಬರಿಗೆ ಶಿಕ್ಷೆ ಯಾಕಾಗುತ್ತೆ? ಆ ಶಿಕ್ಷೆ ತಪ್ಪಿಸಿಕೊಳ್ಳೋಕೆ ಊರಿನ ಟಪಾಲು, ಮುದುಕಿಯ ಪಿಂಚಣಿ ನಿಲ್ಲಿಸೋದು ನ್ಯಾಯವಾ? ಈ ವಾರ ಇವೆರಡೇ ಪ್ರಶ್ನೆ.

ಮೊದಲು ದೂರದ ಉದಾಹರಣೆ. 2022ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಬ್ರಿಟನ್ನಿನ ರಾಯಲ್ ಮೇಲ್ ನೌಕರರು ಒಟ್ಟು 18 ದಿನ ಮುಷ್ಕರ ಮಾಡಿದರು. ಸಂಬಳದ ಜಗಳ ಇತ್ತು, ಅದರ ಜೊತೆಗೆ ಗಂಟೆಗಳ ಜಗಳವೂ ಇತ್ತು. ಬೆಳಗಿನ ಕೆಲಸ ತಡವಾಗಿ ಶುರುವಾಗಬೇಕು, ಭಾನುವಾರವೂ ಪಾರ್ಸೆಲ್ ಹಂಚಬೇಕು, ಬೇಸಿಗೆಯಲ್ಲಿ ಕಮ್ಮಿ ಗಂಟೆ, ಚಳಿಗಾಲದಲ್ಲಿ ಜಾಸ್ತಿ ಗಂಟೆ ದುಡಿಯಬೇಕು ಅಂತ ಕಂಪನಿ ಪಟ್ಟು ಹಿಡಿದಿತ್ತು. ಕಾಗದ ಬರೆಯೋರು ಕಮ್ಮಿಯಾದರು, ಪಾರ್ಸೆಲ್ ತರಿಸೋರು ಜಾಸ್ತಿಯಾದರು, ಪೈಪೋಟಿಯವರು ರಾತ್ರಿವರೆಗೂ ಹಂಚ್ತಾರೆ ಅನ್ನೋದು ಅದರ ವಾದ. ಲೆಕ್ಕ ಸುಳ್ಳಲ್ಲ. ಆದರೆ ಬೆಳಗ್ಗೆ ಬೇಗ ಹೋದರೆ ಮಕ್ಕಳು ಶಾಲೆಯಿಂದ ಬರೋ ಹೊತ್ತಿಗೆ ಮನೆಯಲ್ಲಿರಬಹುದು ಅಂತ ನೆಚ್ಚಿಕೊಂಡು ಬದುಕು ಕಟ್ಟಿಕೊಂಡವನಿಗೆ, ಶುರುವಾಗೋ ಹೊತ್ತು ಒಂದು ತಾಸು ಆಚೆ ಹೋದರೆ ಮಗಳನ್ನ ಕರೆತರೋಕೆ ಬೇರೆ ಯಾರನ್ನೋ ಹುಡುಕಬೇಕಾಗುತ್ತೆ. ಕೊನೆಗೆ 2023ರ ಜುಲೈನಲ್ಲಿ ಸಂಘದ ಸದಸ್ಯರೇ ಮತ ಹಾಕಿ ಒಪ್ಪಂದಕ್ಕೆ ಹೂಂ ಅಂದರು.

ನಮ್ಮಲ್ಲಿ ಇದೇ ಕಥೆ ತಲೆಕೆಳಗಾಗಿ ನಡೀತಿದೆ. ಹಳ್ಳಿಯ ಬ್ರ್ಯಾಂಚ್ ಪೋಸ್ಟ್ ಆಫೀಸು ನಡೆಸೋರು ಗ್ರಾಮೀಣ ಡಾಕ್ ಸೇವಕರು. ಮೊದಲು ಇವರನ್ನ 'ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್' ಅಂತಿದ್ದರು, ಅಂದ್ರೆ ಇಲಾಖೆಯ ಆಚೆಯವರು. ಇವರ ನಿಯಮಗಳು ಓದೋಕೆ ಸ್ವಾರಸ್ಯವಾಗಿವೆ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಇಲ್ಲ. ಬೇರೆ ಆದಾಯ ಇದೆ ಅಂತ ಸೇರುವಾಗಲೇ ಬರೆದುಕೊಡಬೇಕು. ಪೋಸ್ಟ್ ಆಫೀಸಿಗೆ ಜಾಗವನ್ನ ಪೋಸ್ಟ್ ಮಾಸ್ಟರೇ ಒದಗಿಸಬೇಕು. ಕೇಂದ್ರ ಸರ್ಕಾರಿ ನೌಕರರಿಗೆ ಸಮ ಅಂತ ಕೇಳೋ ಹಾಗಿಲ್ಲ. ಇವರದ್ದು 'ಸಿವಿಲ್ ಹುದ್ದೆ', ಸುಮ್ಮಸುಮ್ಮನೆ ಕಿತ್ತುಹಾಕೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಪಿ.ಕೆ. ರಾಜಮ್ಮ ಪ್ರಕರಣದಲ್ಲಿ ಹೇಳಿದೆ. ಆದರೂ ಇವರಿಗೆ ಬರೋದನ್ನ ಸಂಬಳ ಅನ್ನಲ್ಲ, ಟಿಆರ್‌ಸಿಎ ಅಂತಾರೆ. ಕಾಲಕ್ಕೆ ತಕ್ಕ ಭತ್ಯೆ.

ಒಂದು ಕಾಲಕ್ಕೆ ಈ ಏರ್ಪಾಡಿನಲ್ಲಿ ಅರ್ಥ ಇತ್ತು. ನಾನು ಹುಡುಗನಾಗಿದ್ದಾಗ ನಮ್ಮೂರ ಪೋಸ್ಟ್ ಆಫೀಸು ಅಂದ್ರೆ ಒಂದು ಮನೆಯ ಜಗಲಿ, ಒಂದು ಮೇಜು, ಒಂದು ಸೀಲು. ಪೋಸ್ಟ್ ಮಾಸ್ಟರು ಹಾಲು ಕರೆದು ಡೈರಿಗೆ ಹಾಕಿ, ಬಸ್ಸಲ್ಲಿ ಬರೋ ಟಪಾಲು ಚೀಲ ಇಳಿಸಿಕೊಂಡು, ಮಧ್ಯಾಹ್ನದೊಳಗೆ ಕಾಗದ ಹಂಚಿ ಹೊಲಕ್ಕೆ ಹೋಗೋರು. ಅವರ ಗಂಟೆ ನಿಜಕ್ಕೂ ಬಗ್ಗುತ್ತಿತ್ತು, ಬಗ್ಗಿಸುತ್ತಿದ್ದವರೂ ಅವರೇ. ರಾಗಿ ಕಟಾವಿನ ದಿನ ಕಾಗದ ಸಂಜೆ ಬರುತ್ತಿತ್ತು. ಯಾರೂ ದೂರು ಕೊಡುತ್ತಿರಲಿಲ್ಲ, ಯಾಕಂದ್ರೆ ಊರಿನವರೆಲ್ಲ ಕಟಾವಿನಲ್ಲೇ ಇರುತ್ತಿದ್ದರು.

ಈಗ ಆ ಜಗಲಿಯ ಮೇಲೆ ಏನೇನು ಬಂದು ಕೂತಿದೆ ನೋಡಿ. ಉಳಿತಾಯ ಖಾತೆ, ಗ್ರಾಮೀಣ ಅಂಚೆ ಜೀವ ವಿಮೆ, ಆರ್‌ಡಿ, ಬೆರಳಚ್ಚು ಒತ್ತಿಸಿ ದುಡ್ಡು ಕೊಡೋದು. 2018ರ ಸೆಪ್ಟೆಂಬರ್ 1ರಂದು ಪೇಮೆಂಟ್ಸ್ ಬ್ಯಾಂಕ್ ಶುರುವಾದ ಮೇಲೆ ಅದರ ಖಾತೆಗಳೂ ಸೇರಿಕೊಂಡವು. ಕೈಯಲ್ಲಿ ಮೆಷಿನ್ನು, ಮೇಲಿನವರಿಂದ ಟಾರ್ಗೆಟ್ಟು. ಸಾಫ್ಟ್‌ವೇರ್ ಬರೆಯೋ ನನಗೆ ಇಲ್ಲೊಂದು ವಿಷಯ ಚುಚ್ಚುತ್ತೆ. ಸರ್ವರ್ ಬರಲಿಲ್ಲ ಅಂತ ನಾವು ಟಿಕೆಟ್ ಹಾಕಿ ಕಾಫಿಗೆ ಹೋಗ್ತೀವಿ, ಆ ಹೊತ್ತಿಗೂ ನಮಗೆ ಸಂಬಳ ಬರುತ್ತೆ. ಡಾಕ್ ಸೇವಕರು ನೆಟ್‌ವರ್ಕ್ ಹುಡುಕಿಕೊಂಡು ಮಾಳಿಗೆ ಹತ್ತಿ ನಿಂತ ಅರ್ಧ ಗಂಟೆಯನ್ನ ಯಾವ ಲೆಕ್ಕಕ್ಕೆ ಹಾಕೋದು? ಎಷ್ಟು ವ್ಯವಹಾರ ಆಯ್ತು, ಎಷ್ಟು ದೂರ ಓಡಾಡಿದ್ರಿ ಅನ್ನೋದಕ್ಕೆ ಅಳತೆ ಇದೆ. ಕಾದದ್ದಕ್ಕೆ ಅಳತೆ ಇಲ್ಲ. ಕಾಗದದ ಮೇಲೆ ನಾಲ್ಕು ಗಂಟೆ, ಜಗಲಿಯ ಮೇಲೆ ಇಡೀ ದಿನ. ಇನ್ನು 'ಬೇರೆ ಆದಾಯ' ಮಾಡೋದು ಯಾವಾಗ?

ಅದಕ್ಕೇ 2018ರ ಮೇ 22ರಂದು ದೇಶದ ಡಾಕ್ ಸೇವಕರು ಅನಿರ್ದಿಷ್ಟ ಮುಷ್ಕರಕ್ಕೆ ಕೂತರು. ಇವರ ಸ್ಥಿತಿಗತಿ ನೋಡೋಕೆ ಸರ್ಕಾರವೇ ನೇಮಿಸಿದ್ದ ಕಮಲೇಶ್ ಚಂದ್ರ ಸಮಿತಿ 2016ರಲ್ಲೇ ವರದಿ ಕೊಟ್ಟಿತ್ತು, ಅದು ಒಂದೂವರೆ ವರ್ಷ ಕಡತದಲ್ಲೇ ಇತ್ತು. ಮುಷ್ಕರ ಕೂತ ಹದಿನಾರನೇ ದಿನ, ಜೂನ್ 6ರಂದು, ಸಚಿವ ಸಂಪುಟ ಒಪ್ಪಿತು. ತಿಂಗಳಿಗೆ 2,295 ರೂಪಾಯಿಯಿಂದ ಶುರುವಾಗುತ್ತಿದ್ದ ಮೂಲ ಭತ್ಯೆ ಕನಿಷ್ಠ 10,000ಕ್ಕೆ ಏರಿತು. 2023ರ ಡಿಸೆಂಬರ್ 12ರಿಂದ ಮತ್ತೆ ಮುಷ್ಕರ. ಈ ಸಲದ ಬೇಡಿಕೆಗಳಲ್ಲಿ ಎದ್ದು ಕಾಣುತ್ತಿದ್ದದ್ದು, ನಮಗೆ ಎಂಟು ಗಂಟೆ ಕೆಲಸ ಕೊಡಿ ಅನ್ನೋದು. ಗಂಟೆ ಜಾಸ್ತಿ ಮಾಡಿ ಅಂತ ಮುಷ್ಕರ ಮಾಡೋರನ್ನ ಎಲ್ಲಾದರೂ ಕಂಡಿದ್ದೀರಾ? ಎಂಟು ಗಂಟೆ ಹೇಗೂ ದುಡೀತಿದ್ದೀವಿ, ಅದನ್ನ ಬರೆದು ಕೊಡಿ ಅಂತ ಅದರ ಅರ್ಥ.

ಇಲ್ಲಿವರೆಗೆ ಓದಿದವರು ನಾನು ಒಂದೇ ಕಡೆ ವಾಲ್ತಿದ್ದೀನಿ ಅಂದ್ಕೊಳ್ಳಬಹುದು. ಹಾಗಾಗಿ ನಾನಿರೋ ಅತ್ತಿಬೆಲೆಗೆ ಬನ್ನಿ. ಹೊಸೂರು ರಸ್ತೆಯ ಕೊನೆ, ದಾಟಿದರೆ ತಮಿಳುನಾಡು. ಇಂಡಸ್ಟ್ರಿಯಲ್ ಏರಿಯಾದ ಸುತ್ತ ಮೂರು ಮೂರು ಮಹಡಿಯ ಬಾಡಿಗೆ ರೂಮುಗಳು. ಒಂದು ರೂಮಲ್ಲಿ ನಾಲ್ಕು ಜನ: ರಾಯಚೂರಿನವರು, ಒಡಿಶಾದವರು, ಧರ್ಮಪುರಿಯವರು. ಫಸ್ಟ್ ಶಿಫ್ಟಿನವನು ಬೆಳಗ್ಗೆ ಐದೂವರೆಗೆ ಕಂಪನಿ ಬಸ್ಸು ಹತ್ತಿರುತ್ತಾನೆ, ನೈಟ್ ಶಿಫ್ಟಿನವನು ಸತ್ತ ಹಾಗೆ ಮಲಗಿರುತ್ತಾನೆ. ಪೋಸ್ಟ್‌ಮ್ಯಾನ್ ಬರೋದು ಹನ್ನೊಂದಕ್ಕೋ ಹನ್ನೆರಡಕ್ಕೋ. ಬಾಗಿಲಿಗೆ ಬೀಗ. ಎಟಿಎಂ ಕಾರ್ಡು, ಆಧಾರು, ಡ್ರೈವಿಂಗ್ ಲೈಸೆನ್ಸು ವಾಪಸ್ಸು ಹೋಗುತ್ತೆ. ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯ್ತು, ಆದರೆ ಎಷ್ಟೇ ಸ್ಪೀಡಾಗಿ ಬಂದರೂ ಬೀಗ ಹಾಕಿದ ಬಾಗಿಲು ತೆರೆಯಲ್ಲವಲ್ಲ. ಪೋಸ್ಟ್ ಆಫೀಸಿಗೇ ಹೋಗಿ ತರೋಣ ಅಂದ್ರೆ ಅವನು ಅರ್ಧ ದಿನ ರಜೆ ಹಾಕಬೇಕು. ಕಾಂಟ್ರಾಕ್ಟ್ ಕೆಲಸದವನಿಗೆ ಅರ್ಧ ದಿನ ಅಂದ್ರೆ ಅರ್ಧ ದಿನದ ಕೂಲಿ.

ನಮ್ಮ ಕೆಳಗಿನ ರೂಮಿನ ಹುಡುಗನೊಬ್ಬ ಒಂದು ಸಲ ಕೇಳಿದ: "ಅಣ್ಣಾ, ಈ ಪೋಸ್ಟಿನೋರು ಸಂಜಿಗಿ ಯಾಕ ಬರಂಗಿಲ್ರಿ? ಉಳಿದ ಡೆಲಿವರಿಯವ್ರು ರಾತ್ರಿ ಒಂಬತ್ತಕ್ಕ ಬರ್ತಾರಲ್ರಿ." ಅವನ ಪ್ರಶ್ನೆ ನ್ಯಾಯವಾದದ್ದೇ. ಅಂಚೆಯ ಸಮಯ ಬದಲಾಗಬೇಕು ಅನ್ನೋ ಮಾತು ಬರೀ ಮೇಲಧಿಕಾರಿಗಳ ಕಿತಾಪತಿ ಅಂತ ತಳ್ಳಿಹಾಕೋ ಹಾಗಿಲ್ಲ. ಒಬ್ಬ ಕಾರ್ಮಿಕನ ಶಿಫ್ಟು ಗಟ್ಟಿಯಾಗಿರೋದರಿಂದಲೇ ಇನ್ನೊಬ್ಬ ಕಾರ್ಮಿಕನ ಗಂಟೆ ಬಗ್ಗಬೇಕು ಅನ್ನೋ ಒತ್ತಡ ಹುಟ್ಟುತ್ತೆ. ಇಬ್ಬರಲ್ಲಿ ಯಾರ ಸಂಜೆ ದೊಡ್ಡದು?

ನನ್ನ ಮಟ್ಟಿಗೆ ಇದನ್ನ ಬಿಡಿಸೋಕೆ ಇರೋ ದಾರಿ ಒಂದು ಸಣ್ಣ ಪ್ರಶ್ನೆ: 'ಇವತ್ತು ಆಗಲ್ಲ' ಅಂತ ಹೇಳೋಕೆ ಅವನಿಗೆ ಆಗುತ್ತಾ? ನಾನು ಹನ್ನೊಂದಕ್ಕೆ ಲಾಗಿನ್ ಆಗ್ತೀನಿ, ರಾತ್ರಿ ಒಂಬತ್ತೂವರೆಗೆ ಅಮೆರಿಕಾದವರ ಜೊತೆ ಕಾಲ್ ಇರುತ್ತೆ. ಅದೂ ಹಿಂಸೆಯೇ. ಆದರೆ ಮಗನಿಗೆ ಜ್ವರ ಅಂದ್ರೆ ಕಾಲ್ ಮುಂದಕ್ಕೆ ಹಾಕ್ತೀನಿ, ತೀರಾ ಆದರೆ ಬೇರೆ ಕೆಲಸ ಹುಡುಕ್ತೀನಿ. ಬೇಡ ಅನ್ನೋ ಶಕ್ತಿ ಅಷ್ಟೋ ಇಷ್ಟೋ ನನ್ನ ಕೈಲಿದೆ, ಹಾಗಾಗಿ ನನ್ನ ಪಾಲಿಗೆ ಅದು ಸವಲತ್ತು. ಆ ಶಕ್ತಿ ಇಲ್ಲದವನಿಗೆ ಅದೇ ಏರ್ಪಾಡು ಬೇರೆಯವರ ಅನುಕೂಲಕ್ಕೆ ತನ್ನ ದಿನವನ್ನ ಖಾಲಿ ಇಟ್ಟುಕೊಂಡು ಕಾಯೋ ಕೆಲಸ.

ಒಪ್ಪಿಗೆ ಅನ್ನೋದೂ ಹೀಗೇ ಜಾರೋ ಪದ. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದ ಹಾಗೆ ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು, ಕಾರ್ಮಿಕ ಬರೆದು ಒಪ್ಪಿದರೆ ಸಾಕು ಅಂತ ಮಾಡಿದರು. ಗೇಟಿನ ಹೊರಗೆ ಇನ್ನೂರು ಜನ ಕೆಲಸಕ್ಕೆ ನಿಂತಿರುವಾಗ ಗೇಟಿನ ಒಳಗಿರೋನು ಸಹಿ ಹಾಕದೆ ಇರ್ತಾನಾ? 2024ರ ಜುಲೈನಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆವರೆಗೆ ಅನ್ನೋ ಪ್ರಸ್ತಾವ ಬಂದಾಗ ಐಟಿ ನೌಕರರ ಸಂಘ ಕಿಟು ಬೀದಿಗಿಳೀತು. ಆಗ ನಮ್ಮವರಿಗೂ ಫ್ಲೆಕ್ಸಿಬಲ್ ಅನ್ನೋ ಪದದ ಇನ್ನೊಂದು ಮುಖ ಕಂಡಿತು.

ಸರಿ, ಮುಷ್ಕರಕ್ಕೆ ಬರೋಣ. ಸುಪ್ರೀಂ ಕೋರ್ಟು 2003ರಲ್ಲಿ ತಮಿಳುನಾಡಿನ ಟಿ.ಕೆ. ರಂಗರಾಜನ್ ಪ್ರಕರಣದಲ್ಲಿ, ಸರ್ಕಾರಿ ನೌಕರರಿಗೆ ಮುಷ್ಕರ ಮಾಡೋ ಮೂಲಭೂತ ಹಕ್ಕಿಲ್ಲ, ಕಾನೂನಿನ ಹಕ್ಕಿಲ್ಲ, ನೈತಿಕ ಹಕ್ಕೂ ಇಲ್ಲ ಅಂದುಬಿಟ್ಟಿತು. 1968ರ ಎಸ್ಮಾ ಕಾಯ್ದೆಯ ಅಗತ್ಯ ಸೇವೆಗಳ ಪಟ್ಟಿಯಲ್ಲಿ ಅಂಚೆಯೂ ಇದೆ. ಕಾನೂನಿನ ಮಾತು ವಕೀಲರಿಗೆ ಬಿಡೋಣ. ನೈತಿಕ ಹಕ್ಕಿಲ್ಲ ಅನ್ನೋದನ್ನ ಮಾತ್ರ ನಾವು ನೀವೂ ಯೋಚಿಸಬೇಕು, ಅದಕ್ಕೆ ಕಪ್ಪು ಕೋಟು ಬೇಕಿಲ್ಲ.

ನನಗೆ ಪರಿಚಯದ ಒಬ್ಬ ಡಾಕ್ ಸೇವಕರು ಹೇಳ್ತಿದ್ದರು, ಮುಷ್ಕರಕ್ಕೆ ಮುಂಚಿನ ಸಭೆಗಳಲ್ಲಿ ಅಧಿಕಾರಿಗಳನ್ನ ಬೈಯೋದು ಹತ್ತು ನಿಮಿಷ, ತಮ್ಮತಮ್ಮಲ್ಲೇ ಜಗಳ ಎರಡು ಗಂಟೆ ಅಂತ. ಒಬ್ಬರು ಹೇಳ್ತಾರಂತೆ: "ನಮ್ಮೂರ ಅಜ್ಜಿ ಸಂಧ್ಯಾ ಸುರಕ್ಷಾ ದುಡ್ಡಿಗೆ ಕಾಯ್ತಿರ್ತಾಳೆ. ನಾನು ಬೀಗ ಹಾಕಿದ್ರೆ ಆಯಮ್ಮ ಮಾತ್ರೆಗೆ ಯಾರ ಹತ್ರ ಕೈಚಾಚಬೇಕು? ದಿಲ್ಲಿಯವರ ತಪ್ಪಿಗೆ ಅವಳಿಗ್ಯಾಕೆ ಬರೆ?" ಇನ್ನೊಬ್ಬರದ್ದು: "ಅಜ್ಜಿ ಹೆಸರು ಹೇಳಿಕೊಂಡೇ ಮೂವತ್ತು ವರ್ಷ ನಮ್ಮನ್ನ ದುಡಿಸಿದ್ದಾರಲ್ಲಪ್ಪ. ಅವಳ ಮೇಲೆ ನಮಗಿರೋ ಕನಿಕರವೇ ಅವರಿಗೆ ಹಗ್ಗ ಆಗಿದೆ." ಮೂರನೆಯವರು ಮೆಲ್ಲಗೆ, "ಕೆಲಸ ಮಾಡದ ದಿನಕ್ಕೆ ದುಡ್ಡಿಲ್ಲ. ಹತ್ತು ದಿನ ಆದ್ರೆ ಮನೇಲಿ ಏನು ಹೇಳ್ಲಿ?" ಅಂತಾರೆ.

ಮೂರೂ ಸತ್ಯವೇ. ಮುಷ್ಕರ ಅಂದ್ರೆ ಸಮಾಜವನ್ನ ಒತ್ತೆ ಇಡೋದು ಅಂತ ಟೀವಿಯಲ್ಲಿ ಕೂತು ಹೇಳೋರಿಗೆ ಈ ಜಗಳ ಕೇಳಿಸೋದೇ ಇಲ್ಲ. ಒತ್ತೆ ಇಡೋನು ತನ್ನದೇನೂ ಕಳ್ಕೊಳ್ಳಲ್ಲ. ಇವರು ಮೊದಲು ತಮ್ಮ ತಿಂಗಳ ಅಕ್ಕಿಯನ್ನೇ ಪಣಕ್ಕಿಟ್ಟು ಕೂರ್ತಾರೆ. ಹಾಗಂತ ಅಜ್ಜಿಯ ನೋವು ಲೆಕ್ಕಕ್ಕಿಲ್ಲ ಅಂತಲ್ಲ. ನನ್ನ ಪ್ರಕಾರ ಇಂಥ ಮುಷ್ಕರ ನ್ಯಾಯವಾಗೋದಕ್ಕೆ ಮೂರು ಷರತ್ತು ಬೇಕು. ಒಂದು, ಕೇಳದೇನೇ ಗಂಟೆ ಹೇರಿರಬೇಕು, ಮನವಿಗೂ ವರದಿಗೂ ಉತ್ತರ ಬಂದಿರಬಾರದು. ಎರಡು, ನಷ್ಟದಲ್ಲಿ ನೌಕರರಿಗೂ ಪಾಲಿರಬೇಕು. ಮೂರು, ತೀರಾ ಕೈಲಾಗದವರನ್ನ ಪಕ್ಕಕ್ಕಿಟ್ಟು ಕಾಪಾಡಬೇಕು. ಪಿಂಚಣಿಯನ್ನೋ ಔಷಧಿಯ ಪಾರ್ಸೆಲ್ಲನ್ನೋ ಮುಟ್ಟಿಸೋಕೆ ನಾಲ್ಕು ಜನರನ್ನ ಸಂಘವೇ ನೇಮಿಸಬೇಕು. ಈ ಮೂರನೆಯದು ಹೇಳೋಕೆ ಸುಲಭ, ಮಾಡೋಕೆ ಕಷ್ಟ. ಎಲ್ಲ ನಡೀತಾ ಇದ್ರೆ ಮುಷ್ಕರ ಯಾರಿಗೆ ಕಾಣುತ್ತೆ ಅಂತ ಅವರೇ ಕೇಳ್ತಾರೆ. ಅದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಆದರೆ 2018ರಲ್ಲಿ ಒಂದೂವರೆ ವರ್ಷ ಅಲುಗಾಡದ ಕಡತ ಹದಿನಾರೇ ದಿನದಲ್ಲಿ ಅಲುಗಾಡಿತಲ್ಲ, ಆ ಹದಿನಾರು ದಿನ ಅಜ್ಜಿ ಪಟ್ಟ ಕಷ್ಟದಲ್ಲಿ ಆ ಒಂದೂವರೆ ವರ್ಷದ ಮೌನಕ್ಕೂ ಪಾಲಿದೆ.

ರೂಮಿನ ಹುಡುಗನ ಪ್ರಶ್ನೆ ಇನ್ನೂ ಬಾಕಿ ಇದೆ. ಅತ್ತಿಬೆಲೆಯಂಥ ಕಡೆ ಸಂಜೆ ಹೊತ್ತು ಟಪಾಲು ಸಿಗೋ ಹಾಗೆ ಮಾಡೋದು ಅಸಾಧ್ಯವೇನಲ್ಲ. ವಾರಕ್ಕೆ ಎರಡು ಸಂಜೆ ಏಳೂವರೆವರೆಗೆ ಕೌಂಟರ್ ತೆರೆದಿಡಿ. ಸಂಜೆ ಪಾಳಿಗೆ ಒಪ್ಪಿದವರನ್ನೇ ಹಾಕಿ, ಅದಕ್ಕೆ ಹೆಚ್ಚಿನ ದುಡ್ಡು ಕೊಡಿ, ಆ ದಿನ ಬೆಳಗ್ಗೆ ರಜೆ ಕೊಡಿ, ಬದಲಾವಣೆ ಇದ್ರೆ ತಿಂಗಳ ಮುಂಚೆ ಹೇಳಿ. ಕಾರ್ಖಾನೆಯ ಗೇಟಿನಲ್ಲೇ ಒಂದು ಡಬ್ಬಿ ಇಟ್ಟು, ಶಿಫ್ಟು ಬಿಡೋ ಹೊತ್ತಿಗೆ ಹಂಚೋದಕ್ಕೂ ಆಗುತ್ತೆ. ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿರೋದು ಬೀದಿ ಬೀದಿ ತಿರುಗೋ ಪೋಸ್ಟ್‌ಮ್ಯಾನಿಗೆ. ಯಾವ ರೂಮಿನವನು ಯಾವ ಶಿಫ್ಟು ಅಂತಲೂ ಅವನಿಗೆ ಗೊತ್ತು. ಹೊಸ ವೇಳಾಪಟ್ಟಿಗೆ ಸಹಿ ಬೀಳೋ ಮುಂಚೆ ಅವನನ್ನ ಕರೆದು ಒಂದು ಕುರ್ಚಿ ಕೊಟ್ಟು ಕೇಳಿದ್ದರೆ, ಅರ್ಧ ಮುಷ್ಕರಗಳು ಆಗ್ತಾನೇ ಇರಲಿಲ್ಲ.