ಅನುಭಾವ ಮತ್ತು ಓಲೆಗರಿ: ವಚನಗಳನ್ನು ಕಾಪಾಡುವುದರ ಧಾರ್ಮಿಕ ಅರ್ಥ

12ನೆಯ ಶತಮಾನದ ಶರಣರು ಕಟ್ಟಿದ ಗುಡಿಗಿಂತ ನಡೆದಾಡುವ ದೇಹವನ್ನು, ಓದಿ ಪಡೆದ ಶಾಸ್ತ್ರಕ್ಕಿಂತ ಬದುಕಿ ಪಡೆದ ಅನುಭಾವವನ್ನು ದೊಡ್ಡದೆಂದು ಎಣಿಸಿದರು. ಸ್ಥಾವರ ಅಳಿಯುತ್ತದೆ, ಜಂಗಮ ಉಳಿಯುತ್ತದೆ ಎಂಬುದು ಅವರ ನಿಲುವಿನ ಸಾರ. ಆದರೆ ಅವರ ಮಾತುಗಳು ಎಂಟು ಶತಮಾನ ದಾಟಿ ಬಂದಿರುವುದು ಬರಹದ ಆಸರೆಯಿಂದ. ತಾಡೋಲೆಯ ಕಟ್ಟುಗಳನ್ನು ಯಾರೋ ಬರೆದರು, ಹೊತ್ತು ಸಾಗಿಸಿದರು, ಮತ್ತೆ ಪ್ರತಿ ಮಾಡಿದರು. ಸ್ಥಾವರವನ್ನು ಒಪ್ಪದ ಧರ್ಮಕ್ಕೆ ಗ್ರಂಥಭಂಡಾರ ಏಕೆ ಬೇಕು? ಕಾಪಿಟ್ಟ ಗ್ರಂಥ ತಾನೇ ಇನ್ನೊಂದು ಸ್ಥಾವರವಾಗದಂತೆ ನೋಡಿಕೊಳ್ಳುವುದು ಹೇಗೆ? ಬಸವಕಲ್ಯಾಣ, ಭಾಲ್ಕಿ ಮತ್ತು ಬೀದರಿನ ಚರಿತ್ರೆ ಈ ಎರಡು ಪ್ರಶ್ನೆಗಳ ವಿಚಾರಕ್ಕೆ ಬೇಕಾದಷ್ಟು ಸಾಮಗ್ರಿ ಒದಗಿಸುತ್ತದೆ.

ಕಲ್ಯಾಣದ (ಇಂದಿನ ಬಸವಕಲ್ಯಾಣ) ಸೀಮೆಗೆ ಬರಹ ಹೊಸದಾಗಿರಲಿಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಇಲ್ಲಿ ವಿಜ್ಞಾನೇಶ್ವರನ ‘ಮಿತಾಕ್ಷರಾ’ ರಚನೆಯಾಯಿತು. ಹುಮನಾಬಾದ ತಾಲ್ಲೂಕಿನ ಜಲಸಂಗಿಯ ಗುಡಿಯ ಹೊರಗೋಡೆಯಲ್ಲಿ ಅದೇ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯಿದ್ದಾಳೆ. ಆದರೆ ಆ ಬರಹ ಅರಸನದು, ಪಂಡಿತನದು. ಮಾದಾರ, ಡೋಹಾರ, ಮಡಿವಾಳ, ಅಂಬಿಗ ಮೊದಲಾದ ಕಾಯಕಜೀವಿಗಳ ಮಾತು ಅವರವರ ಅಂಕಿತದೊಡನೆ ದಾಖಲಾದದ್ದು ವಚನ ಚಳವಳಿಯಲ್ಲಿ. ವಚನಗಳ ಭಂಡಾರವನ್ನು ಶಾಂತರಸರೆಂಬ ಶರಣರು ನೋಡಿಕೊಳ್ಳುತ್ತಿದ್ದರೆಂದು ಪರಂಪರೆ ಹೇಳುತ್ತದೆ. ‘ವಚನಭಂಡಾರಿ’ ಎಂಬ ಬಿರುದು ಅವರ ಹೆಸರಿಗೇ ಅಂಟಿಕೊಂಡಿದೆ. ಅವರು ರಚಿಸಿದ ವಚನಗಳೂ ಉಳಿದಿವೆ. ಬರಹವನ್ನು ಕಾಯುವುದನ್ನೂ ಶರಣರು ಒಂದು ಕಾಯಕವೆಂದು ಕಂಡಿದ್ದರೆಂಬ ನಂಬಿಕೆ ಈ ಬಿರುದಿನ ಹಿಂದಿದೆ.

1167ರ ಸುಮಾರಿಗೆ ಕಲ್ಯಾಣದಲ್ಲಿ ಕ್ಷೋಭೆ ಎದ್ದಿತು. ಶರಣರಾದ ಹರಳಯ್ಯ ಮತ್ತು ಮಧುವರಸರ ಮಕ್ಕಳ ಜಾತಿ ಮೀರಿದ ಮದುವೆ, ಅವರಿಗಾದ ಶಿಕ್ಷೆ, ಅರಸ ಬಿಜ್ಜಳನ ಕೊಲೆ, ಶರಣರ ಚದುರುವಿಕೆ ಒಂದರ ಹಿಂದೊಂದು ನಡೆದುವೆಂದು ಪರಂಪರೆ ಹೇಳುತ್ತದೆ. ಚೆನ್ನಬಸವಣ್ಣ, ಅಕ್ಕನಾಗಮ್ಮ, ಮಡಿವಾಳ ಮಾಚಿದೇವರು ಮೊದಲಾದವರು ವಚನಗಳ ಕಟ್ಟುಗಳೊಂದಿಗೆ ಉಳವಿಯತ್ತ ನಡೆದರು, ದಾರಿಯುದ್ದಕ್ಕೂ ಸೈನ್ಯವನ್ನು ಎದುರಿಸಿದರು ಎಂಬುದು ಜನಮನದಲ್ಲಿ ನೆಲೆಸಿದ ಕಥನ. ಇದರ ವಿವರಗಳೆಲ್ಲ ಶಾಸನಗಳಲ್ಲಿ ಸಿಗುವುದಿಲ್ಲ. ಬಸವಣ್ಣನವರ ಹೆಸರು ಬರುವ ಅರ್ಜುನವಾಡ ಶಾಸನವೇ 1260ರದು. ಆದರೂ ಕಥನದ ತಾತ್ಪರ್ಯ ಸ್ಪಷ್ಟ. ಊರು, ಅನುಭವ ಮಂಟಪ, ಅಧಿಕಾರ ಮೂರನ್ನೂ ಬಿಟ್ಟು ಹೊರಟವರು ಮಾತನ್ನು ಬಿಡಲಿಲ್ಲ ಎಂದು ಆ ಸಮುದಾಯ ತನ್ನ ಚರಿತ್ರೆಯನ್ನು ನೆನೆಯುತ್ತದೆ.

ವಚನಗಳನ್ನು ವ್ಯವಸ್ಥಿತವಾಗಿ ಒಟ್ಟುಗೂಡಿಸಿದ ಕಾಲ 15ನೆಯ ಶತಮಾನ. ವಿಜಯನಗರದ ಪ್ರೌಢದೇವರಾಯನ ಆಳ್ವಿಕೆಯಲ್ಲಿ (1424–1446) ವಿರಕ್ತರು ಸಂಕಲನ ಮತ್ತು ವ್ಯಾಖ್ಯಾನಕ್ಕೆ ಕೈಹಾಕಿದರು. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲಾಗಿ ‘ಶೂನ್ಯಸಂಪಾದನೆ’ಯ ನಾಲ್ಕು ಆವೃತ್ತಿಗಳು ಹುಟ್ಟಿದುವು. ಬಿಡಿಬಿಡಿಯಾಗಿದ್ದ ವಚನಗಳು ಅಲ್ಲಿ ಅಲ್ಲಮಪ್ರಭು ಕೇಂದ್ರವಾದ ಸಂವಾದದ ರೂಪ ಪಡೆದುವು. ಬೇರೆ ಸಂಕಲನಗಳು ವಚನಗಳನ್ನು ಷಟ್‌ಸ್ಥಲದ ಕ್ರಮಕ್ಕೆ ಹೊಂದಿಸಿದುವು. ಈ ಸಂಕಲನಕಾರರು ಉಳಿಸಿದರು, ಜೊತೆಗೇ ಅರ್ಥವನ್ನೂ ಕಟ್ಟಿದರು. ಯಾವ ವಚನ ಯಾವುದರ ಮುಂದೆ ಬರುತ್ತದೆ, ಯಾರ ಪ್ರಶ್ನೆಗೆ ಉತ್ತರವಾಗಿ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸಿದವರು ಅವರು. ಇಂದು ಓದುವ ವಚನದಲ್ಲಿ 12ನೆಯ ಶತಮಾನದ ದನಿಯ ಜೊತೆಗೆ 15ನೆಯ ಶತಮಾನದ ಶ್ರದ್ಧೆಯೂ ಕೂಡಿದೆ.

ತಾಡೋಲೆ ತಾನಾಗಿ ಬಾಳುವ ವಸ್ತುವಲ್ಲ. ಗರಿಯನ್ನು ಹದಮಾಡಿ, ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಕಾಡಿಗೆ ತೀಡಿ, ತೂತಿನಲ್ಲಿ ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಕಟ್ಟಬೇಕು. ತೇವ ಹತ್ತಿದರೆ ಗರಿಗಳು ಒಂದಕ್ಕೊಂದು ಅಂಟುತ್ತವೆ, ಒಣಗಿದರೆ ಅಂಚು ಮುರಿಯುತ್ತದೆ, ಹುಳು ಹೊಕ್ಕರೆ ಸಾಲುಸಾಲೇ ಹೋಗುತ್ತದೆ. ಆದ್ದರಿಂದ ಕಾಲಕಾಲಕ್ಕೆ ಎಣ್ಣೆ ಸವರುವುದು, ಶಿಥಿಲವಾದ ಕಟ್ಟಿನಿಂದ ಹೊಸ ಪ್ರತಿ ಎತ್ತುವುದು ಅನಿವಾರ್ಯ. ಕೈತಪ್ಪುಗಳು, ಪಾಠಾಂತರಗಳು ಹುಟ್ಟುವುದು ಈ ಪ್ರತಿ ಎತ್ತುವಿಕೆಯಲ್ಲಿ. ಗ್ರಂಥ ಬದುಕುವುದೂ ಅದರಿಂದಲೇ.

ಬಿಚ್ಚದ ಕಟ್ಟಿಗೆ ಇನ್ನೊಂದು ಅಪಾಯವುಂಟು, ಅದು ಪೂಜೆ. ಅನೇಕ ಮನೆ ಮಠಗಳಲ್ಲಿ ವಚನದ ಕಟ್ಟು ದೇವರ ಜಗಲಿಗೆ ಏರಿತು. ವಿಭೂತಿ, ಹೂವು, ಧೂಪ ಸಲ್ಲುತ್ತಿದ್ದುವು. ದಾರ ಮಾತ್ರ ಬಿಚ್ಚಿಕೊಳ್ಳುತ್ತಿರಲಿಲ್ಲ. ಪೂಜೆಯ ಭಯಭಕ್ತಿಯೇ ಎಷ್ಟೋ ಕಟ್ಟುಗಳನ್ನು ಒಲೆಯಿಂದ, ಹೊಳೆಯಿಂದ ಉಳಿಸಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಸ್ಥಾವರವನ್ನು ಒಲ್ಲೆನೆಂದ ಮಾತನ್ನೇ ಸ್ಥಾವರವಾಗಿಸಿದ ವಿಪರ್ಯಾಸವೂ ಅಲ್ಲಿತ್ತು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಊರೂರು ಅಲೆದು ಇಂಥ ಕಟ್ಟುಗಳನ್ನು ಹುಡುಕಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. ಸ್ವಂತ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯ ನಡೆಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಜಗಲಿಯ ಮೇಲಿದ್ದದ್ದು ಓದುಗನ ಕೈಗೆ ಬಂದದ್ದು ಹೀಗೆ.

ಅಚ್ಚಾದ ಪುಸ್ತಕವಿದ್ದರೆ ಸಾಲದು, ಓದಲು ಭಾಷೆ ಉಳಿದಿರಬೇಕು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತಕ್ಕೂ ಶಾಲೆಗೂ ಉರ್ದುವೇ ಮಾಧ್ಯಮವಾಗಿತ್ತು. ಆ ಸಂಸ್ಥಾನಕ್ಕೆ ಸೇರಿದ್ದ ಬೀದರ ಜಿಲ್ಲೆಯಲ್ಲಿ ಕನ್ನಡದ ಜೊತೆಗೆ ಮರಾಠಿ ಮತ್ತು ತೆಲುಗು ಮಾತೂ ಬೆರೆತಿತ್ತು. ಔರಾದ ತಾಲ್ಲೂಕಿಗೆ ಸೇರಿದ್ದ ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪೀಠಕ್ಕೆ ಬಂದ ಡಾ. ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬ ಮಾತು ಈ ಭಾಗದಲ್ಲಿ ಇಂದಿಗೂ ಪ್ರಸಿದ್ಧ. ಬಸವಕಲ್ಯಾಣದಲ್ಲಿ ಅನುಭವ ಮಂಟಪದ ಕಟ್ಟಡ ಏಳಲೂ ಅವರ ಪ್ರಯತ್ನವೇ ಮುಖ್ಯ ಕಾರಣ. 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದ, ಹುಮನಾಬಾದ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಉದಗೀರ, ನಿಲಂಗಾ ಮೊದಲಾದುವು ಬೇರೆ ರಾಜ್ಯಕ್ಕೆ ಹೋದುವು. ಓದಬಲ್ಲ ಒಂದು ಪೀಳಿಗೆಯನ್ನು ಸಿದ್ಧಗೊಳಿಸಿದ ಭಾಲ್ಕಿ ಮಠದ ಕೆಲಸ ಗ್ರಂಥರಕ್ಷಣೆಯ ಒಂದು ಭಾಗವೇ. ಓದುಗರಿಲ್ಲದ ಭಂಡಾರದಲ್ಲಿ ಗರಿ ಉಳಿದೀತು, ಮಾತು ಉಳಿಯದು.

ಹಂಚುವವನಿಗೆ ತಿದ್ದುವ ಹಕ್ಕಿದೆಯೇ ಎಂಬುದು ಮುಂದಿನ ಪ್ರಶ್ನೆ. ಮಾತೆ ಮಹಾದೇವಿಯವರು 1996ರಲ್ಲಿ ಪ್ರಕಟಿಸಿದ ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ ಅಂಕಿತದ ಬದಲು ‘ಲಿಂಗದೇವ’ ಎಂದಿತ್ತು. ಅಂಕಿತದ ಆಂತರ್ಯ ಇದೇ ಎಂಬುದು ಅವರ ವಾದವಾಗಿತ್ತು. ರಾಜ್ಯ ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ನಿಷೇಧದ ಸರಿತಪ್ಪು ಬೇರೆಯೇ ಚರ್ಚೆ. ದಾಖಲೆಯ ದೃಷ್ಟಿಯಿಂದ ಕಲಿಯಬೇಕಾದ್ದು ಇಷ್ಟು: ವ್ಯಾಖ್ಯಾನಕ್ಕೆ ಎಲ್ಲರಿಗೂ ಸ್ವಾತಂತ್ರ್ಯವಿರಬಹುದು, ಆದರೆ ಅದು ಮೂಲಪಾಠದ ಪಕ್ಕದಲ್ಲಿರಬೇಕು, ಅದರ ಜಾಗದಲ್ಲಿ ಅಲ್ಲ. ಹಳೆಯ ಪ್ರತಿಗಳು ಉಳಿದಿರುವುದರಿಂದಲೇ ಬದಲಾವಣೆಯನ್ನು ಬದಲಾವಣೆಯೆಂದು ಗುರುತಿಸುವುದು ಸಾಧ್ಯವಾಯಿತು.

ದಾಖಲೆಯಲ್ಲಿ ನ್ಯಾಯದ ಅಂಶವೂ ಇದೆ. ಸೂಳೆ ಸಂಕವ್ವೆಯ ಹೆಸರಿನಲ್ಲಿ ‘ನಿರ್ಲಜ್ಜೇಶ್ವರ’ ಅಂಕಿತದ ಒಂದೇ ಒಂದು ವಚನ ಉಳಿದಿದೆ. ಅದು ಕಳೆದಿದ್ದರೆ, ತನ್ನ ವೃತ್ತಿಯನ್ನೇ ರೂಪಕವಾಗಿಸಿ ನಿಷ್ಠೆಯ ಮಾತಾಡಿದ ಆ ಹೆಣ್ಣು ಚರಿತ್ರೆಯಲ್ಲಿ ಇರುತ್ತಿರಲಿಲ್ಲ. ಅರಸರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ಕಾಯಕದವರ ಹೆಸರಿಗೆ ಓಲೆಗರಿಯೊಂದೇ ಆಧಾರ. ಎಲ್ಲರ ಅನುಭಾವವೂ ಸಮಾನವೆಂದ ಧರ್ಮಕ್ಕೆ ದಾಖಲೆ ಏಕೆ ಬೇಕು ಎಂಬ ಪ್ರಶ್ನೆಗೆ ಇದು ಎಲ್ಲಕ್ಕಿಂತ ಗಟ್ಟಿಯಾದ ಉತ್ತರ.

ಒಂದೇ ಕಡೆ ಕೂಡಿಟ್ಟದ್ದು ಒಂದೇ ಏಟಿಗೆ ಹೋಗುತ್ತದೆ ಎಂಬುದಕ್ಕೆ ಬೀದರಿನಲ್ಲೇ ಸಾಕ್ಷಿಯಿದೆ. ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಗ್ರಂಥಾಲಯದಲ್ಲಿ ಸುಮಾರು 3000 ಹಸ್ತಪ್ರತಿಗಳಿದ್ದುವೆಂದು ಹೇಳುತ್ತಾರೆ. 17ನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದು ಸ್ಫೋಟಿಸಿ ಕಟ್ಟಡದ ದೊಡ್ಡ ಭಾಗ ಕುಸಿಯಿತು. ಇಂದು ಗೋಡೆಯ ಬಣ್ಣದ ಹೆಂಚುಗಳು ಅಷ್ಟಿಷ್ಟು ಉಳಿದಿವೆ, ಆ ಗ್ರಂಥಾಲಯವಿಲ್ಲ. ಇದೇ ವಿವೇಕ ಅಮೆರಿಕದ ಆರಂಭದ ಚರಿತ್ರೆಯಲ್ಲೂ ಕಾಣುತ್ತದೆ. ಆ ದೇಶದ ಮೊದಲ ಇತಿಹಾಸ ಸಂಘ 1791ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿತು. ಅದೇ ವರ್ಷ ಥಾಮಸ್ ಜೆಫರ್ಸನ್ ಚರಿತ್ರೆಯ ಕಾಗದಪತ್ರಗಳನ್ನು ಸಂಗ್ರಹಿಸುತ್ತಿದ್ದ ಎಬೆನೀಜರ್ ಹಜಾರ್ಡ್‌ಗೆ ಪತ್ರ ಬರೆದು, ದಾಖಲೆಗಳನ್ನು ಬೀಗದೊಳಗಿಟ್ಟು ಉಳಿಸಲಾಗದು, ಪ್ರತಿಗಳನ್ನು ಹೆಚ್ಚಿಸಿಯೇ ಉಳಿಸಬೇಕು ಎಂಬ ಅಭಿಪ್ರಾಯ ತಿಳಿಸಿದ್ದ. ಉಳವಿಯ ದಾರಿಯ ಕಥನ ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಈಗ ಸಾಧನಗಳ ಕೊರತೆಯಿಲ್ಲ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ ‘ಸಮಗ್ರ ವಚನ ಸಂಪುಟ’ 15 ಸಂಪುಟಗಳಲ್ಲಿ ಸರ್ಕಾರದ ವತಿಯಿಂದ ಪ್ರಕಟವಾಗಿದೆ. ಬೆಂಗಳೂರಿನ ಬಸವ ಸಮಿತಿ ವಚನಗಳನ್ನು ಭಾರತದ ಹಲವು ಭಾಷೆಗಳಿಗೆ ಅನುವಾದ ಮಾಡಿಸಿದೆ. ರಾಷ್ಟ್ರೀಯ ಹಸ್ತಪ್ರತಿ ಮಿಷನ್ 2003ರಿಂದ ಹಸ್ತಪ್ರತಿಗಳ ಪಟ್ಟಿ ಮತ್ತು ಸಂರಕ್ಷಣೆಯ ಕೆಲಸ ಕೈಗೊಂಡಿತು. ವಚನಗಳನ್ನು ಅಂತರ್ಜಾಲದಲ್ಲಿ ಪದ ಹುಡುಕಿ ಓದಬಹುದು. ಆದರೂ ಅಚ್ಚಿನ ಪಾಠ ಬಂದ ಮೇಲೆ ಓಲೆಗರಿ ಬೇಡವೆಂದಾಗದು. ಪಾಠಾಂತರ, ಪ್ರತಿಕಾರನ ಹೆಸರು, ಬರೆದ ಊರು ಮತ್ತು ಕಾಲ ತಿಳಿಯುವುದು ಮೂಲ ಕಟ್ಟಿನಿಂದಲೇ.

ದಾಸೋಹ ತತ್ತ್ವದಲ್ಲಿ ಪಡೆದದ್ದು ಪಡೆದವನ ಸ್ವತ್ತಲ್ಲ. ಸಮಾಜದಿಂದ ಬಂದದ್ದು ಸಮಾಜಕ್ಕೆ ಸಲ್ಲಬೇಕು. ಅನ್ನಕ್ಕೆ ಸಲ್ಲುವ ಈ ನಿಯಮ ಗ್ರಂಥಕ್ಕೂ ಸಲ್ಲುತ್ತದೆ. ಓಲೆಗರಿಯನ್ನು ಕೇವಲ ಪೂಜಿಸುವುದು ಸ್ಥಾವರ. ಓದಿ, ಪ್ರತಿ ಮಾಡಿ, ಪ್ರಶ್ನಿಸಿ, ಹಂಚುವುದು ಜಂಗಮ. ಬೀದರ, ಭಾಲ್ಕಿ, ಔರಾದಗಳ ಮಠ ಮನೆಗಳಲ್ಲಿ ಇನ್ನೂ ಬಿಚ್ಚದ ಕಟ್ಟುಗಳಿದ್ದರೆ ಅವುಗಳ ಒಡೆಯರು ಮೂಲವನ್ನು ತಮ್ಮಲ್ಲೇ ಇಟ್ಟುಕೊಂಡರೂ ಸರಿಯೆ, ಒಂದು ಪ್ರತಿಯನ್ನು ಸಾರ್ವಜನಿಕ ಗ್ರಂಥಭಂಡಾರಕ್ಕೆ ಕೊಡಬೇಕು.